ಮಗುವಿನ ಹೆಸರು: ಕನ್ನಡದ ಕಾಗುಣಿತ ಮೊದಲು ತೀರ್ಮಾನವಾಗಲಿ

ಮಾನ್ಯರೇ,

ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೇಳುವ ಹೆಸರಿಗೆ ಕಾಗುಣಿತ ಬೇಕಿಲ್ಲ. ಅದು ಬೇಕಾಗುವುದು ಜನನ ನೋಂದಣಿಯ ಅರ್ಜಿ ಕೈಗೆ ಬಂದಾಗ. ಆಗ ಹೆಚ್ಚಿನವರು ಇಂಗ್ಲಿಷ್ ಅಕ್ಷರಗಳನ್ನು ನಾಲ್ಕು ಸಲ ಎಣಿಸಿ ಬರೆದು, ಕನ್ನಡದ್ದನ್ನು ಗುಮಾಸ್ತರಿಗೋ ಕಂಪ್ಯೂಟರಿಗೋ ಬಿಟ್ಟುಬಿಡುತ್ತಾರೆ. ನಮ್ಮ ರಾಜ್ಯದ ಜನನ ಪ್ರಮಾಣಪತ್ರದಲ್ಲಿ ಎರಡೂ ಲಿಪಿ ಅಚ್ಚಾಗುತ್ತವೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ, ಮತದಾರರ ಪಟ್ಟಿಗೆ, ಚಾಲನಾ ಪರವಾನಗಿಗೆ ಹುಟ್ಟಿದ ದಿನ ಮತ್ತು ಊರನ್ನು ತೋರಿಸಲು ಇದೇ ದಾಖಲೆ. ಇಲ್ಲಿ ಬಿದ್ದ ಅಕ್ಷರ ಮುಂದೆ ಎಲ್ಲ ಕಡೆಗೂ ನಕಲಾಗುತ್ತದೆ.

ಆದ್ಯಾ ಎಂಬ ಹೆಸರನ್ನೇ ನೋಡಿ. ಮೊದಲನೆಯವಳು ಎಂದು ಅರ್ಥ. ಬರೀ ‘ಡಿ’ ಹಾಕಿದರೆ ‘ಅಡ್ಯಾ’ ಎಂದು ಓದಿಯಾರೆಂಬ ಅಂಜಿಕೆಯಿಂದ ಅದರ ಪಕ್ಕ ಒಂದು ‘ಎಚ್’ ಸೇರಿಸುತ್ತಾರೆ. ಆ ಇಂಗ್ಲಿಷನ್ನು ಶಾಲೆಯಲ್ಲೋ ಆಧಾರ್ ಕೇಂದ್ರದಲ್ಲೋ ಮತ್ತೆ ಕನ್ನಡಕ್ಕೆ ತರುವವರು ‘ಎಚ್’ ಕಂಡದ್ದೇ ‘ಆಧ್ಯಾ’ ಎಂದು ಬರೆಯುತ್ತಾರೆ. ಮೊದಲನೆಯವಳು ಎಂಬ ಅರ್ಥ ಅಲ್ಲಿಗೆ ಹೋಯಿತು. ಹೊಟ್ಟೆ ಸೀಳಿದ ‘ಧ’ ಆರಾಧ್ಯಾಳಿಗೆ ಬೇಕು, ಆದ್ಯಾಳಿಗೆ ಬೇಡ. ಇನ್ನೊಬ್ಬರು ‘ಆಢ್ಯಾ’ ಎಂದು ಬರೆದರೆ ಹುಡುಗಿ ಕುಳಿತಲ್ಲೇ ಸಿರಿವಂತೆಯೂ ಆಗುತ್ತಾಳೆ! ಮೂರಕ್ಕೂ ಇಂಗ್ಲಿಷ್ ಒಂದೇ. ಇಂಗ್ಲಿಷಿನಿಂದ ಕನ್ನಡಕ್ಕೆ ಮರಳುವ ದಾರಿ ಇಲ್ಲ ಎನ್ನುವುದು ಇದಕ್ಕೇ. ದ-ಡ, ಲ-ಳ, ನ-ಣ, ಎ-ಏ, ಒ-ಓ ಯಾವುದೂ ಆ ಲಿಪಿಯಲ್ಲಿ ಬೇರೆಬೇರೆಯಾಗಿ ಉಳಿಯುವುದಿಲ್ಲ.

‘ತ’ದ ಕಥೆಯೂ ಹೀಗೇ. ‘ಟಿ’ಯನ್ನು ‘ಟ’ಕ್ಕೆ ಮೀಸಲಿಟ್ಟು ‘ತ’ಕ್ಕೆ ‘ಟಿ-ಎಚ್’ ಬರೆಯುವುದು ದಕ್ಷಿಣದ ರೂಢಿ; ನಮ್ಮ ಲತಾ, ಗೀತಾ, ಸವಿತಾ ಎಲ್ಲರಿಗೂ ಒಂದು ‘ಎಚ್’ ಇದೆ. ಉತ್ತರದವರು ಅದನ್ನು ‘ಥ’ಕ್ಕೆ ಇಟ್ಟುಕೊಳ್ಳುತ್ತಾರೆ. ಹಾಗಾಗಿ ನಮ್ಮ ತನ್ವಿ ಲಿಪ್ಯಂತರದ ತಂತ್ರಾಂಶದಲ್ಲಿ ‘ಥನ್ವಿ’ ಆಗಿ ಹೊರಬರುವುದುಂಟು. ರೂಢಿ ಬಿಡಬೇಕಿಲ್ಲ, ‘ತ’ಕ್ಕೆ ‘ಟಿ-ಎಚ್’ ಇರಲಿ. ಆದರೆ ‘ದ’ಕ್ಕೆ ಬರೀ ‘ಡಿ’ ಸಾಕು, ‘ಡಿ-ಎಚ್’ ‘ಧ’ಕ್ಕೆ ಮಾತ್ರ. ಈಗಿನ ಮಕ್ಕಳ ಹೆಸರುಗಳಲ್ಲಿ ‘ಡ’ ಬರುವುದೇ ಅಪರೂಪ, ಅದಕ್ಕೆ ಅಂಜಬೇಕಿಲ್ಲ. ಮೊದಲಕ್ಷರ ‘ಆ’ ಇದ್ದರೆ ಮಾತ್ರ ಎರಡು ‘ಎ’.

ಕನ್ನಡದಲ್ಲೇ ಎಡವುವ ಹೆಸರುಗಳೂ ಇವೆ. ‘ಶೃತಿ’ ತಪ್ಪು, ‘ಶ್ರುತಿ’ ಸರಿ. ಅದು ಕೇಳು ಎಂಬರ್ಥದ ‘ಶ್ರು’ ಧಾತುವಿನದು. ‘ಧೃತಿ’ಗೆ ಮಾತ್ರ ವಟ್ರಸುಳಿಯೇ ಬೇಕು, ಅದರ ಧಾತು ‘ಧೃ’. ಸಿದ್ಧಾರ್ಥದಲ್ಲಿ ‘ದ’ಕ್ಕೆ ‘ಧ’ ಒತ್ತು. ಜ್ಯೋತಿಯ ಯ-ಒತ್ತು ಮರೆತರೆ ‘ಜೋತಿ’. ಇನ್ನೊಂದು ಕಣ್ಣಿಗೆ ಕಾಣದ್ದು: ‘ರಾಜ್‌ದೀಪ್’ ಎಂದು ಟೈಪಿಸುವಾಗ ‘ದ’ ಕೆಳಗಿಳಿದು ಒತ್ತಾಗದಂತೆ ನಡುವೆ ಒಂದು ಅಗೋಚರ ಸಂಕೇತ ಸೇರಿಸಬೇಕಾಗುತ್ತದೆ. ಒಂದು ದಾಖಲೆಯಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕಂಪ್ಯೂಟರಿಗೆ ಅವು ಎರಡು ಹೆಸರು. ‘ರಾಜದೀಪ್’ ಎಂದು ಬರೆದರೆ ತಲೆನೋವೇ ಇಲ್ಲ.

ನಕ್ಷತ್ರದ ಅಕ್ಷರ ನೋಡುವವರಿಗೆ ಒಂದು ಮಾತು. ಹಸ್ತಾ ನಕ್ಷತ್ರದ ಪಾದಗಳಿಗೆ ಹೇಳುವುದು ಪೂ, ಷ, ಣ, ಠ. ‘ಣ’ದಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? ‘ನ’ ಹಿಡಿಯುತ್ತಾರೆ. ಅಲ್ಲಿ ಅಷ್ಟು ಸಡಿಲ ಬಿಡುವವರು ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಅನನ್ಯಾಳಿಗೆ ಮುಂದೊಂದು ‘ಎ’ ಹೆಚ್ಚಿಗೆ ತುರುಕುವುದು ಏಕೋ! ಅದನ್ನು ಓದುವವರು ‘ಆನನ್ಯಾ’ ಎನ್ನುತ್ತಾರೆ, ತಪ್ಪು ಅವರದಲ್ಲ.

ಇನಿಷಿಯಲ್ ಸಹ ಯೋಚಿಸಿ ಹಾಕಬೇಕು. ಊರಿನ ಅಕ್ಷರ, ತಂದೆಯ ಅಕ್ಷರ ಸೇರಿಸುವುದು ನಮ್ಮಲ್ಲಿ ವಾಡಿಕೆ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಆಗ ‘ಆರ್’ ಎಂದರೆ ರಾಮನಗರವೋ ರವಿಯೋ ಎಂಬ ಪ್ರಶ್ನೆ ಏಳುತ್ತದೆ. ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರು ಬೇರೆಯಾಗಿಯೇ ಇರುವುದರಿಂದ ಮಗುವಿನ ಹೆಸರಿಗೆ ಇನಿಷಿಯಲ್ ಬೇಕಿಲ್ಲ. ಬೇಕೇ ಬೇಕೆಂದರೆ ಪೂರ್ತಿ ಬರೆಸಿ.

ಅವಸರ ಪಡುವ ಕಾರಣವೂ ಇಲ್ಲ. ಜನನವನ್ನು 21 ದಿನಗಳೊಳಗೆ ತಿಳಿಸಬೇಕು ನಿಜ, ಆದರೆ ಹೆಸರಿನ ಜಾಗ ಖಾಲಿ ಬಿಡಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕೊಟ್ಟು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಗಡಿಬಿಡಿಯಲ್ಲಿ ಬಾಯಲ್ಲಿ ಹೇಳಿ ಬರೆಸುವ ಬದಲು ಒಂದು ಚೀಟಿಯಲ್ಲಿ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆದು ಕೊಡುವುದು ಲೇಸು. ಅದಕ್ಕೂ ಮೊದಲು ಆ ಇಂಗ್ಲಿಷನ್ನು ಮಗುವಿನ ಹೆಸರು ಗೊತ್ತಿಲ್ಲದ ಒಬ್ಬರಿಗೆ ತೋರಿಸಿ ಕನ್ನಡದಲ್ಲಿ ಬರೆಯಲು ಹೇಳಿ. ಎಲ್ಲಿ ಎಡವುತ್ತಾರೆಂಬುದು ಅಲ್ಲೇ ತಿಳಿಯುತ್ತದೆ.

1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ಆದರೆ ಬರವಣಿಗೆಯ ತಪ್ಪು ತಿದ್ದುವುದು ಬೇರೆ, ಮನಸ್ಸು ಬದಲಾಯಿತೆಂದು ಹೆಸರು ತಿದ್ದಿಸುವುದು ಬೇರೆ. ತಿದ್ದಿದರೂ ಮೂಲ ನಮೂದು ಅಳಿಯದು, ಪಕ್ಕದ ಅಂಚಿನಲ್ಲಿ ಸೇರುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಅಲ್ಲಿ ನೋಂದಣಿ ಮುಗಿಸುವ ಮುನ್ನ ಪರದೆಯ ಮೇಲೆ ತೋರಿಸುವ ವಿವರದಲ್ಲಿ ಎಲ್ಲರೂ ಇಂಗ್ಲಿಷ್ ಸಾಲು ನೋಡಿ ತಲೆಯಾಡಿಸುತ್ತಾರೆ. ಕಂಪ್ಯೂಟರ್ ತಾನೇ ಹುಟ್ಟಿಸಿದ ಕನ್ನಡದ ಸಾಲನ್ನೂ ಅಕ್ಷರ ಅಕ್ಷರ ಓದಬೇಕು. ತಪ್ಪಿದ್ದರೆ ಆಪರೇಟರ್ ಆ ಕ್ಷಣದಲ್ಲೇ ಕೈಯಿಂದ ತಿದ್ದಬಲ್ಲರು.

ನೋಂದಣಿ ಇಲಾಖೆಗೆ ಒಂದು ಕೋರಿಕೆ: ಹೆಸರಿನ ಕನ್ನಡ ರೂಪವನ್ನು ಪೋಷಕರೇ ಕೈಯಾರೆ ತುಂಬುವುದು ಕಡ್ಡಾಯವಾಗಲಿ, ಪ್ರಮಾಣಪತ್ರ ಅಚ್ಚಾಗುವ ಮುನ್ನ ಕರಡು ಪ್ರತಿಯೊಂದನ್ನು ಅವರಿಗೆ ತೋರಿಸಿ ಸಹಿ ಪಡೆಯಲಿ.

– ನಿವೃತ್ತ ಕನ್ನಡ ಅಧ್ಯಾಪಕ, ಹಾಸನ