ಪುಟ್ಟನಿಗೆ ಆ ದೊಡ್ಡ ಬ್ಯಾಗ್ ಬೇಡ

ಇನ್ಸ್‌ಬ್ರುಕ್, ಆಸ್ಟ್ರಿಯಾ
ಭಾನುವಾರ ರಾತ್ರಿ

ಅಮ್ಮ, ಅಪ್ಪನಿಗೆ ನಮಸ್ಕಾರ.

ನಿನ್ನೆ ಬದಿಯಡ್ಕದಲ್ಲಿ ಕರೆಂಟ್ ಹೋಗಿ ನಮ್ಮ ಮಾತು ಅರ್ಧಕ್ಕೇ ನಿಂತಿತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪುಟ್ಟ ಫೆಬ್ರವರಿಯಲ್ಲಿ ಇಲ್ಲಿಗೆ ಬರುವಾಗ ಹಿಮದ ಮೇಲೆ ಜಾರುವ ಸ್ಕೀ ಮಾಡಲಿಕ್ಕೆಂದೇ ಮಂಗಳೂರಿನಲ್ಲಿ 40 ಲೀಟರಿನ ಬೆನ್ನಿನ ಬ್ಯಾಗ್ ನೋಡಿಟ್ಟಿದ್ದಾನಂತೆ. ಒಳಗೆ ಮೈ ಒರೆಸುವ ಎರಡು ಬೈರಾಸು ಮಡಚಿ ಇಟ್ಟರೆ ಬಿದ್ದಾಗ ಬೆನ್ನಿಗೆ ಮೆತ್ತಗಿರುತ್ತದೆ ಅಂತ ಅಮ್ಮ ಹೇಳಿದ್ದು ಕೇಳಿಸಿತು.

ಬ್ಯಾಗ್ ಬೇಡ ಪುಟ್ಟ. ದುಡ್ಡಿನ ವಿಷಯ ಅಲ್ಲ.

ನಾವು ಹೋಗುವುದು ಇಲ್ಲೇ ಹತ್ತಿರದ ಆಕ್ಸಾಮರ್ ಲಿಟ್ಸುಮ್ ಎಂಬ ಸ್ಕೀ ಜಾಗಕ್ಕೆ. 1964 ಮತ್ತು 1976ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಇಳಿಜಾರಿನ ಸ್ಕೀ ಸ್ಪರ್ಧೆಗಳು ಹೆಚ್ಚಿನವು ನಡೆದದ್ದು ಅಲ್ಲಿಯೇ. ಮೇಲಿನ ತುದಿ 2,340 ಮೀಟರ್ ಎತ್ತರದಲ್ಲಿದೆ, ಕೇಳಿದರೆ ಹೆದರಿಕೆ ಆಗುತ್ತದೆ, ಆದರೆ ನಮ್ಮ ಪೊಸಡಿಗುಂಪೆ ಗುಡ್ಡ ಹತ್ತಿದ ಹಾಗೆ ಬುತ್ತಿ ಕಟ್ಟಿಕೊಂಡು ನಡೆಯಲಿಕ್ಕಿಲ್ಲ. ಲಿಫ್ಟ್‌ನಲ್ಲಿ ಮೇಲೆ ಹೋಗುವುದು, ಜಾರಿಕೊಂಡು ಕೆಳಗೆ ಬರುವುದು, ಪುನಃ ಹತ್ತುವುದು. ಸಂಜೆವರೆಗೂ ಇಷ್ಟೇ. ಚಳಿ ಜಾಸ್ತಿಯಾದರೆ ಹಾಕಿಕೊಳ್ಳುವ ಬಟ್ಟೆ ಕೆಳಗೆ ನಮ್ಮ ಕಾರಿನಲ್ಲಿ ಇರುತ್ತದೆ. ಮತ್ತೆ ಬೆನ್ನ ಮೇಲೆ ಏನು ಹೊರುವುದು?

ಅಪ್ಪ, ನೀವು ಸ್ಪ್ರೇಯರ್ ತುಂಬಿಸಿ ಬೆನ್ನಿಗೆ ಹಾಕಿಕೊಂಡು ತೋಡಿನ ಕಾಲುಸಂಕ ದಾಟುವಾಗ ಒಳಗಿನ ನೀರು ಕುಲುಕಿ ಹಿಂದಕ್ಕೆ ಎಳೆಯುತ್ತದೆ ಅನ್ನುತ್ತಿದ್ದಿರಲ್ಲ? ಇದೂ ಅದೇ. ಸ್ಕೀಯಲ್ಲಿ ಮೈ ಯಾವಾಗಲೂ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಮೊಣಕಾಲಿನ ಕೆಳಗಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿಕೊಂಡಿರಬೇಕು. ಹೊಸಬರಿಗೆ ಹೆದರಿಕೆಗೆ ಮೈ ತಾನಾಗಿಯೇ ಹಿಂದಕ್ಕೆ ವಾಲುತ್ತದೆ, ಹಾಗೆ ವಾಲಿದರೆ ಸ್ಕೀ ನಾವು ಹೇಳಿದ ಹಾಗೆ ತಿರುಗುವುದಿಲ್ಲ. ಅದರ ಮೇಲೆ ಬ್ಯಾಗಿನ ಭಾರವೂ ಸೇರಿದರೆ ಕಲಿಯುವ ಹುಡುಗನಿಗೆ ತುಂಬ ಕಷ್ಟ.

ಅಮ್ಮ, ನಿನ್ನ ಬೈರಾಸಿನ ಯೋಚನೆ ಪ್ರೀತಿಯದ್ದೇ. ಆದರೆ ಬ್ಯಾಗಿನಲ್ಲಿ ಬೈರಾಸು ಮಾತ್ರ ಉಳಿಯುವುದಿಲ್ಲ, ಅವನು ಸ್ಟೀಲಿನ ನೀರಿನ ಬಾಟ್ಲಿ ಹಾಕುತ್ತಾನೆ, ಕ್ಯಾಮೆರಾ ಹಾಕುತ್ತಾನೆ. ಬೆನ್ನ ಮೇಲೆ ಬಿದ್ದರೆ ಅದೇ ಬಾಟ್ಲಿ ಬೆನ್ನುಮೂಳೆಗೆ ಒತ್ತುತ್ತದೆ. ಬೆನ್ನು ಕಾಪಾಡಲಿಕ್ಕೆಂದೇ ಮಾಡಿದ ಕವಚ ಬೇರೆ ಇದೆ, ಜಾಕೆಟ್ಟಿನ ಒಳಗೆ ಹಾಕುವುದು. ಹೆಲ್ಮೆಟ್ ಜೊತೆಗೆ ಅದನ್ನೂ ನಾನು ಬಾಡಿಗೆಗೆ ತರುತ್ತೇನೆ.

ಇಷ್ಟೇ ಆಗಿದ್ದರೆ ನಾನು ಇಷ್ಟು ಹಟ ಮಾಡುತ್ತಿರಲಿಲ್ಲ. ನನಗೆ ನಿಜವಾಗಿ ಹೆದರಿಕೆ ಇರುವುದು ಚೇರ್ ಲಿಫ್ಟಿನದ್ದು. ಅಂದರೆ ತಂತಿಯಲ್ಲಿ ನೇತಾಡುವ ಬೆಂಚು, ಹಿಂದಿನಿಂದ ಬಂದು ಮೊಣಕಾಲಿನ ಹಿಂದೆ ತಾಗುತ್ತದೆ, ಆಗ ಕೂತುಬಿಡಬೇಕು. ಇದರ ಕಥೆ ಅಪ್ಪನಿಗೆ ಇಷ್ಟವಾಗಬಹುದು. 1936ರಲ್ಲಿ ಅಮೆರಿಕದ ಐಡಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಮೊದಲ ಚೇರ್ ಲಿಫ್ಟ್ ಬಂತು. ಅದನ್ನು ಯೋಚಿಸಿದ ಜೇಮ್ಸ್ ಕರನ್ ಎಂಬ ಇಂಜಿನಿಯರ್ ಮೊದಲು ಬಾಳೆಗೊನೆಗಳನ್ನು ಹಡಗಿಗೆ ಏರಿಸುವ ಯಂತ್ರ ನೋಡಿದ್ದವನು. ಗೊನೆ ನೇತುಹಾಕುವ ಕೊಕ್ಕೆಯ ಜಾಗದಲ್ಲಿ ಕುರ್ಚಿ ಇಟ್ಟ. ಇಳಿಯುವ ಜಾಗದಲ್ಲಿ ಈಗಲೂ ಆ ಬೆಂಚು ನಮಗಾಗಿ ನಿಲ್ಲುವುದಿಲ್ಲ. ಕೆಲವು ಕಡೆ ನಿಧಾನವಾಗುತ್ತದೆ, ಅಷ್ಟೇ.

ನಿಮಗೆ ಆಗ ಹೇಳಿರಲಿಲ್ಲ, ಈಗ ಹೇಳುತ್ತೇನೆ. ನನ್ನ ಮೊದಲ ಚಳಿಗಾಲದಲ್ಲಿ, ಬೇರೊಂದು ಕಡೆ, ಬ್ಯಾಗ್ ಬೆನ್ನಲ್ಲೇ ಇಟ್ಟುಕೊಂಡು ಕೂತಿದ್ದೆ. ಮೇಲೆ ಹೋಗಿ ಏಳುವಾಗ ಸೊಂಟದ ಪಟ್ಟಿಯ ತುದಿ ಬೆಂಚಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎಲ್ಲರೂ ಜಾರಿಕೊಂಡು ಹೋದರು, ನನ್ನನ್ನು ಬೆಂಚು ಎಳೆಯಿತು. ಅಲ್ಲಿದ್ದ ಕೆಲಸದವರು ಓಡಿಬಂದು ನಿಲ್ಲಿಸಿದ್ದರಿಂದ ಏನೂ ಆಗಲಿಲ್ಲ, ಆದರೆ ಇನ್ನು ನಾಲ್ಕು ಹೆಜ್ಜೆ ಎಳೆದಿದ್ದರೆ ನೆಲ ಮುಗಿದು ನಾನು ನೇತಾಡುತ್ತಿದ್ದೆ. ಹೀಗೆ ಬ್ಯಾಗಿನ ಪಟ್ಟಿ ಸಿಕ್ಕಿಕೊಂಡು ಕುತ್ತಿಗೆ ಬಿಗಿದವರೂ ಇದ್ದಾರೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ಪುಟ್ಟ, ತರಲೇಬೇಕು ಅಂತಿದ್ದರೆ ಹತ್ತು ಹದಿನೈದು ಲೀಟರಿನ, ಬೆನ್ನಿಗೆ ಅಂಟಿಕೊಂಡು ಕೂರುವ ಸಣ್ಣ ಬ್ಯಾಗ್ ತಾ. ಜಾರುವಾಗ ಎದೆಯ ಪಟ್ಟಿ, ಸೊಂಟದ ಪಟ್ಟಿ ಎರಡೂ ಬಿಗಿ. ಲಿಫ್ಟಿನ ಸಾಲು ಮುಗಿಯುವ ಮೊದಲೇ ಎರಡನ್ನೂ ಬಿಚ್ಚಿ, ಬ್ಯಾಗ್ ತೆಗೆದು ಮುಂದೆ ಹಿಡಿದುಕೋ, ಮಡಿಲಲ್ಲಿ ಇಟ್ಟುಕೋ, ನೇತಾಡುವ ತುದಿಗಳನ್ನೆಲ್ಲ ಒಳಗೆ ಸಿಕ್ಕಿಸು. ಕಾಸರಗೋಡಿನ ಬಸ್ಸಿನಲ್ಲಿ ರಶ್ ಆದರೆ ಕಂಡಕ್ಟರ್ ಹೇಳುವ ಮೊದಲೇ ನೀನು ಬ್ಯಾಗ್ ಮುಂದೆ ತೆಗೆಯುತ್ತೀಯಲ್ಲ, ಹಾಗೆ. ದಿನಕ್ಕೆ ಹದಿನೈದು ಸಲವಾದರೂ ಇದನ್ನು ಮಾಡಬೇಕು, ಒಂದು ಸಲವೂ ಮರೆಯಬಾರದು. ಕೈಯಲ್ಲಿ ಸ್ಕೀ ಕೋಲುಗಳೂ ಇರುತ್ತವೆ ಅಂತ ನೆನಪಿಟ್ಟುಕೋ.

ದಾರಿ ಬಿಟ್ಟು ಕಾಡು ಹಿಮಕ್ಕೆ ಹೋಗುವವರ ಬೆನ್ನಲ್ಲಿ ಬ್ಯಾಗ್ ಇರಲೇಬೇಕು. ಹಿಮ ಕುಸಿದು ಯಾರಾದರೂ ಹೂತುಹೋದರೆ ಹುಡುಕಲಿಕ್ಕೆ ಉದ್ದದ ಕೋಲು, ಅಗೆಯಲಿಕ್ಕೆ ಸಲಿಕೆ ಅದರಲ್ಲಿರುತ್ತದೆ, ಸಿಗ್ನಲ್ ಕೊಡುವ ಯಂತ್ರವನ್ನು ಮೈಗೇ ಕಟ್ಟಿಕೊಂಡಿರುತ್ತಾರೆ. ನಾವು ಆ ಕಡೆ ಹೋಗುವುದಿಲ್ಲ ಅಮ್ಮ. ಖಂಡಿತ ಇಲ್ಲ.

ನಮಗೆ ಕಿಸೆ ಸಾಕು. ಎಡ ಕಿಸೆಯಲ್ಲಿ ಲಿಫ್ಟಿನ ಕಾರ್ಡ್ ಒಂದೇ, ಗೇಟಿನ ಯಂತ್ರ ಅಲ್ಲಿಂದಲೇ ಓದಿಕೊಳ್ಳುತ್ತದೆ. ಫೋನ್ ಬೇರೆ ಕಡೆ, ಒಳಗಿನ ಕಿಸೆಯಲ್ಲಿ, ಯಾಕೆಂದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಅದರಲ್ಲಿ ಬೆಟ್ಟದ ರಕ್ಷಣಾ ತಂಡದ 140 ನಂಬರ್ ಸೇವ್ ಮಾಡಿಕೊಡುತ್ತೇನೆ. ಇನ್ನೊಂದು ಕಿಸೆ ತಿಂಡಿಗೆ.

ಆ ಕಿಸೆಗೆ ಮಾವಿನ ರಸ ಒಣಗಿಸಿ ಮಾಡುವ ನಿನ್ನ ಮಾಂಬಳ ಬೇಕು ಅಮ್ಮ. ಹಿಮದಲ್ಲಿ ಇಲ್ಲಿನ ಚಾಕ್ಲೇಟ್ ಕಲ್ಲಾಗುತ್ತದೆ, ಹೋದ ವರ್ಷ ನೀನು ಕಳಿಸಿದ ಮಾಂಬಳ ಮಾತ್ರ ಮೈ ಬಿಸಿಗೆ ಮೆತ್ತಗೇ ಇತ್ತು. ಈ ಸಲ ಬೆರಳಿನಷ್ಟು ಅಗಲಕ್ಕೆ ಕತ್ತರಿಸಿ ಕಳಿಸು, ಗ್ಲೌಸ್ ಹಾಕಿಕೊಂಡೇ ತೆಗೆದು ತಿನ್ನುವ ಹಾಗೆ. ಆ ಎರಡು ಬೈರಾಸನ್ನೂ ಪುಟ್ಟನ ಸೂಟ್‌ಕೇಸಿನಲ್ಲಿ ಹಾಕು, ನನ್ನ ಹಳೆಯದು ಹರಿದಿದೆ.

ನಿಮ್ಮ ಮಗಳು