ಓತಾನ್ ಬರಲಿಲ್ಲ, ‘ಮೈಸೂರು’ ಬಂತು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆ ವಾಸ್ಕೋದಲ್ಲಿ ನಮಗೆ ಸಿಗುವುದು ಹುಬ್ಬಳ್ಳಿ ಬಸ್ಸಿನ ಕೃಪೆಯಿಂದ. ಘಟ್ಟದಲ್ಲಿ ಲಾರಿ ಕೆಟ್ಟು ನಿಂತರೆ ಅವತ್ತು ಸುದ್ದಿಯೂ ತಡ. ಹೋದ ಭಾನುವಾರ ಪೇಪರ್ ಕೈಗೆ ಬಂದಾಗ ಊಟಕ್ಕೆ ಕೂತಿದ್ದೆ. ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನ್ಯಾಟೊ ಬಗೆಗಿನ ಲೇಖನ ಓದುತ್ತ ಸಾರು ತಣ್ಣಗಾಯಿತು. ‘ಹಿಂದೆಂದೂ ಕಾಣದ ಬಿರುಕು’ ಅಂತ ತಲೆಬರಹ. ಒಳಗೊಂದು ಸಾಲು: ಒಬ್ಬ ಸದಸ್ಯನ ಮೇಲೆ ದಾಳಿಯಾದರೆ ಉಳಿದ 31 ದೇಶಗಳೂ ಸೈನ್ಯ ಕಳಿಸಲೇಬೇಕು. ತಲೆಬರಹವೂ ಸರಿಯಿಲ್ಲ, ಆ ಸಾಲೂ ಸರಿಯಿಲ್ಲ. ಲೇಖಕರ ಮೇಲೆ ಸಿಟ್ಟಿಲ್ಲ. ಟಿವಿಯವರೂ ಹಾಗೇ ಹೇಳುತ್ತಾರೆ. ಆದರೂ ಬರೆಯದೆ ಇರಲಾಗಲಿಲ್ಲ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಅಪ್ಪ 1964ರಲ್ಲಿ ಸವಣೂರಿನಿಂದ ಇಲ್ಲಿಗೆ ಅದಿರು ತುಂಬುವ ಕೆಲಸಕ್ಕೆ ಬಂದರು. ನಾನು ಬೈಣಾದಲ್ಲಿ ಬೆಳೆದು, ಮುರಗಾಂವ ಬಂದರಿನಲ್ಲಿ ಹಡಗಿನ ಏಜೆಂಟರ ಕಚೇರಿಯಲ್ಲಿ 34 ವರ್ಷ ಗುಮಾಸ್ತನಾಗಿದ್ದೆ. ಹಡಗಿನ ಮಾಲೀಕನಿಗೂ ಅದನ್ನು ಬಾಡಿಗೆಗೆ ಹಿಡಿದವನಿಗೂ ನಡುವೆ ಒಂದು ಕರಾರು ಇರುತ್ತದೆ, ಚಾರ್ಟರ್ ಪಾರ್ಟಿ ಅಂತಾರೆ. ಹೇಳಿದ ದಿನಕ್ಕಿಂತ ಹಡಗು ಜಾಸ್ತಿ ನಿಂತರೆ ದಿನಕ್ಕೆ ಇಷ್ಟು ಅಂತ ಡೆಮರೇಜ್ ಕಟ್ಟಬೇಕು. ಆದರೆ ಮಳೆಯ ಹೊತ್ತು ಲೆಕ್ಕಕ್ಕಿಲ್ಲ ಅಂತ ಕರಾರಿನಲ್ಲಿ ಬರೆದಿದ್ದರೆ ಮುಗೀತು. ಒಂದು ಸಲ ಮೇ ತಿಂಗಳ ಕೊನೆಗೆ ಗ್ರೀಕ್ ಕ್ಯಾಪ್ಟನ್ ಒಬ್ಬ ಡೆಕ್ ಮೇಲೆ ಅಂಗೈ ಚಾಚಿ ನಿಂತು, ‘ಇದು ಮಳೆಯಾ? ಇದು ಬೆವರು’ ಅಂತ ಕೂಗಾಡಿದ. ನಾನು ಸುಮ್ನೆ ಟೈಮ್ ಬರೆದುಕೊಂಡೆ. 2.40ರಿಂದ 3.15. ಅಷ್ಟು ಹೊತ್ತು ಹ್ಯಾಚ್, ಅಂದರೆ ಸರಕು ತುಂಬುವ ಬಾಯಿ, ಮುಚ್ಚಿತ್ತು, ಸಾಕು. ಸಂಜೆ ಅವನೇ ಸಹಿ ಹಾಕಿದ. ಹಾಕಿ, ನನಗೆ ಕಾಫಿಯನ್ನೂ ಕೊಟ್ಟ.

ಅಂದಿನಿಂದ ನನಗೊಂದು ಚಾಳಿ. ಯಾವ ಒಪ್ಪಂದದ ಸುದ್ದಿ ಬಂದರೂ ಕಾಗದದಲ್ಲಿ ಏನಿದೆ ಅಂತ ಮೊದಲು ನೋಡುತ್ತೇನೆ.

ನ್ಯಾಟೊ ಕಾಗದ 1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ ಸಹಿಯಾದದ್ದು. ಒಟ್ಟು 14 ಕಲಮುಗಳು. ಎಲ್ಲರೂ ಹೇಳುವ 5ನೇ ಕಲಮಿನಲ್ಲಿ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅಂತ ಇರುವುದು ನಿಜ. ಆದರೆ ನೆರವು ಹೇಗೆ? ಪ್ರತಿ ದೇಶವೂ ತನಗೆ ಅಗತ್ಯ ಅನಿಸಿದ ಕ್ರಮ ತೆಗೆದುಕೊಳ್ಳುತ್ತದೆ, ಅದರಲ್ಲಿ ಸೈನ್ಯದ ಬಳಕೆಯೂ ಸೇರಬಹುದು ಅಂತ ಮಾತು. ‘ತನಗೆ ಅನಿಸಿದ’ ಎಂಬಲ್ಲಿ ಎಷ್ಟು ಜಾಗ ಇದೆ ನೋಡಿ. ಒಂದು ಇಡೀ ಹಡಗು ತಿರುಗಿಸಬಹುದು.

6ನೇ ಕಲಮು ಯಾರೂ ಓದುವುದಿಲ್ಲ. ದಾಳಿ ಎಲ್ಲಿ ಆದರೆ ಲೆಕ್ಕ ಅಂತ ಅದು ಹೇಳುತ್ತದೆ: ಯುರೋಪ್, ಉತ್ತರ ಅಮೆರಿಕ, ಉತ್ತರ ಅಟ್ಲಾಂಟಿಕ್‌ನ ದ್ವೀಪಗಳು, ಅದೂ ಕರ್ಕಾಟಕ ವೃತ್ತದಿಂದ ಉತ್ತರಕ್ಕೆ ಇದ್ದರೆ. ಫ್ರಾನ್ಸ್ ಆಗ ತನ್ನ ಕೈಯಲ್ಲಿದ್ದ ಅಲ್ಜೀರಿಯಾವನ್ನು ಹೆಸರು ಹೇಳಿಯೇ ಸೇರಿಸಿಕೊಂಡಿತು. ಪರ್ಲ್ ಹಾರ್ಬರ್ ಇರುವ ಹವಾಯಿ ಇವತ್ತಿಗೂ ಈ ಗೆರೆಯ ಆಚೆ. ಗೋವಾ ಕೂಡ ಆಚೆಯೇ ಇತ್ತು.

ಗೋವಾ ಯಾಕೆ ಬಂತು ಅಂತೀರಾ? ಆ ಕಾಗದಕ್ಕೆ ಮೊದಲ ದಿನ ಸಹಿ ಹಾಕಿದ 12 ದೇಶಗಳಲ್ಲಿ ಪೋರ್ಚುಗಲ್ ಒಂದು. ನಾವು ಕೂತಿರುವ ಈ ನೆಲ ಆಗ ಅವರದ್ದು.

ಬೈಣಾದಲ್ಲಿ ನಮ್ಮ ಮನೆ ಹಿಂದೆ ಒಬ್ಬ ಗೋವನ್ ಹಿರಿಯರಿದ್ದರು, ಪೋರ್ಚುಗೀಸರ ಕಾಲದಲ್ಲಿ ಕಸ್ಟಮ್ಸ್ ಗುಮಾಸ್ತರು. ನಾವು ಮಕ್ಕಳೆಲ್ಲ ಅಂಕಲ್ ಅನ್ನುತ್ತಿದ್ದೆವು. ನ್ಯಾಟೊವನ್ನು ಅವರು ಸಾಯುವ ತನಕ ‘ಓತಾನ್’ ಅಂದರು, ಪೋರ್ಚುಗೀಸ್‌ನಲ್ಲಿ ಅದರ ಹೆಸರು ಹಾಗೆ. 1961ರ ಡಿಸೆಂಬರ್‌ನಲ್ಲಿ, ಭಾರತದ ಸೈನ್ಯ ಗೋವಾ ಬಿಡಿಸಲು ಬರುವ ಹೊತ್ತಿಗೆ, ಅವರ ಕಚೇರಿಯಲ್ಲಿ ದಿನವೂ ಅದೇ ಮಾತಂತೆ: ಓತಾನ್ ಬರುತ್ತದೆ, ಇನ್ನೇನು ಬಂದೇಬಿಟ್ಟಿತು. ಅವರ ಮೇಲಧಿಕಾರಿ ಮಧ್ಯಾಹ್ನ ಊಟಕ್ಕೆ ಹೋಗುವ ಮುಂಚೆ ಕಿಟಕಿಯಿಂದ ಸಮುದ್ರ ನೋಡಿ ಹೋಗುತ್ತಿದ್ದರಂತೆ. ‘ಕೊನೆಗೆ ಓತಾನ್ ಬರಲಿಲ್ಲ, ನಿಮ್ಮ ಮೈಸೂರು ಬಂತು’ ಅಂತ ಅಪ್ಪನನ್ನು ಕಂಡಾಗಲೆಲ್ಲ ನಗುತ್ತಿದ್ದರು. ನಮ್ಮ ಯುದ್ಧನೌಕೆ ಐಎನ್‌ಎಸ್ ಮೈಸೂರು ಬಂದದ್ದು ಅಂಜುದೀವ ದ್ವೀಪಕ್ಕೆ, ಕಾರವಾರದ ಎದುರಿಗೆ. ಮುರಗಾಂವಕ್ಕೆ ಬಂದದ್ದು ಬೇಟ್ವಾ, ಬಿಯಾಸ್. ಆದರೆ ಅಂಕಲ್ ಜೋಕಿಗೆ ಮೈಸೂರೇ ಚೆಂದ ಕೂರುತ್ತಿತ್ತು. ಅಪ್ಪ ತಾನು ಸವಣೂರಿನವನು ಅಂತ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಈಗ ಆ ಹಡಗುಗಳನ್ನು ನೋಡಿ. ‘ಮೈಸೂರು’ ಮೊದಲು ಬ್ರಿಟಿಷ್ ನೌಕಾಪಡೆಯ ‘ನೈಜೀರಿಯಾ’. ಬೇಟ್ವಾ, ಬಿಯಾಸ್ ಎರಡೂ ಇಂಗ್ಲೆಂಡಿನಲ್ಲೇ ಕಟ್ಟಿದವು. ಡಿಸೆಂಬರ್ 18ರಂದು ಪುಣೆಯಿಂದ ಹಾರಿ ಬಂದು ದಾಬೋಲಿಂ ರನ್‌ವೇ ಮೇಲೆ ಬಾಂಬ್ ಹಾಕಿದ ಕ್ಯಾನ್‌ಬೆರಾ ವಿಮಾನಗಳೂ ಬ್ರಿಟನ್ನಿನವು. ಬ್ರಿಟನ್ ಯಾರು? ನ್ಯಾಟೊದಲ್ಲಿ ಪೋರ್ಚುಗಲ್‌ನ ಪಕ್ಕದಲ್ಲೇ ಕೂರುವ ಮಿತ್ರ. ಅಷ್ಟೇ ಅಲ್ಲ, ಆ ಎರಡು ದೇಶಗಳ ಸ್ನೇಹದ ಒಪ್ಪಂದ 1373ರಷ್ಟು ಹಳೆಯದು. ಆಗ ಪೋರ್ಚುಗಲ್ ಆಳುತ್ತಿದ್ದ ಸರ್ವಾಧಿಕಾರಿ ಸಲಾಜಾರ್ ಆ ಹಳೆ ಒಪ್ಪಂದ ನೆನಪಿಸಿ ನೆರವು ಕೇಳಿದರು. ಕಾಮನ್‌ವೆಲ್ತ್ ದೇಶದ ವಿರುದ್ಧ ನಾವು ನಿಲ್ಲಲಾಗದು ಅಂತ ಬ್ರಿಟನ್ ಜಾರಿಕೊಂಡಿತು. ಅದೇ ಹೊತ್ತಿಗೆ ಮುರಗಾಂವದ ಎದುರು ಪೋರ್ಚುಗೀಸರ ‘ಅಫೊನ್ಸೊ ದ ಅಲ್ಬುಕರ್ಕ್’ ಹಡಗು ಪೆಟ್ಟು ತಿಂದು ದಡ ಹತ್ತಿತು. ಆ ನೀರು ನಮ್ಮ ಆಫೀಸಿನ ಕಿಟಕಿಗೆ ಕಾಣುತ್ತಿತ್ತು. ನಾನು ಬಾರ್ಜ್ ಲೆಕ್ಕ ಹಾಕುತ್ತ ಎಷ್ಟೋ ಸಲ ಅದನ್ನೇ ನೋಡುತ್ತ ಕೂತಿದ್ದೇನೆ.

ಅಮೆರಿಕದ ಕತೆ ಇನ್ನೂ ಮಜಾ. 1955ರಲ್ಲಿ ಅದರ ವಿದೇಶಾಂಗ ಮಂತ್ರಿ ಡಲೆಸ್, ಪೋರ್ಚುಗಲ್ ಮಂತ್ರಿಯ ಜತೆ ಹೇಳಿಕೆ ಕೊಟ್ಟು, ಈ ಜಾಗಗಳನ್ನು ‘ಪೋರ್ಚುಗೀಸ್ ಪ್ರಾಂತ್ಯಗಳು’ ಅಂತ ಕರೆದಿದ್ದರು. ದಿಲ್ಲಿಯಲ್ಲಿ ಭಾರೀ ಸಿಟ್ಟು. ಲಿಸ್ಬನ್ನಿನ ಪೋರ್ಚುಗಲ್ ಸರ್ಕಾರ ಪಾಪ, ಅದನ್ನೇ ನಂಬಿತ್ತು ಅನಿಸುತ್ತದೆ. 1961ರಲ್ಲಿ ಅಮೆರಿಕ ಕೊಟ್ಟದ್ದು ಭದ್ರತಾ ಮಂಡಳಿಯಲ್ಲಿ ಒಂದು ಖಾರದ ಭಾಷಣ ಮತ್ತು ಬ್ರಿಟನ್, ಫ್ರಾನ್ಸ್, ಟರ್ಕಿ ಜತೆ ಸೇರಿ ಒಂದು ಗೊತ್ತುವಳಿ. ಅದಕ್ಕೆ ಸೋವಿಯತ್ ವಿಟೊ ಬಿತ್ತು. ಡಿಸೆಂಬರ್ 19ಕ್ಕೆ ಗವರ್ನರ್ ವಸ್ಸಾಲೊ ಎ ಸಿಲ್ವಾ ಶರಣಾದರು. ಒಬ್ಬ ಮಿತ್ರನೂ ಒಂದು ದೋಣಿ ಕಳಿಸಲಿಲ್ಲ.

ಸಲಾಜಾರ್ ಮುನಿಸು ಸಣ್ಣದಲ್ಲ. ಅದೇ ವರ್ಷ ಆಫ್ರಿಕಾದಲ್ಲಿದ್ದ ಅವರ ವಸಾಹತು ಅಂಗೋಲಾ ವಿಚಾರದಲ್ಲೂ ಅಮೆರಿಕ ವಿಶ್ವಸಂಸ್ಥೆಯಲ್ಲಿ ಅವರ ವಿರುದ್ಧ ಮತ ಹಾಕಿತ್ತು. ಆದರೆ ನ್ಯಾಟೊ ಬಿಟ್ಟರಾ? ಇಲ್ಲ. ಅವರ ಕೈಯಲ್ಲಿ ಅಜೋರ್ಸ್ ದ್ವೀಪದ ಲಾಜೆಸ್ ನೆಲೆ ಇತ್ತು, ಅಟ್ಲಾಂಟಿಕ್ ಮಧ್ಯೆ ಅಮೆರಿಕದ ವಿಮಾನಗಳಿಗೆ ಇಳಿಯುವ ಜಾಗ. 1962ರ ಕೊನೆಗೆ ಅದರ ಕರಾರು ಮುಗಿಯಿತು. ಸಲಾಜಾರ್ ಹೊಸದಕ್ಕೆ ಸಹಿ ಹಾಕಲಿಲ್ಲ, ಖಾಲಿ ಮಾಡಿ ಅಂತಲೂ ಹೇಳಲಿಲ್ಲ. ನಮ್ಮ ಊರಿನ ಹಳೆ ಮನೆ ಮಾಲೀಕರು ಮಾಡುವ ಹಾಗೆ. ಅಮೆರಿಕದ ಅಧ್ಯಕ್ಷ ಕೆನಡಿಯ ಅಂಗೋಲಾ ಮಾತು ಮೆತ್ತಗಾಯಿತು. ಮುಂದೆ 1973ರಲ್ಲಿ ಇಸ್ರೇಲಿಗೆ ಶಸ್ತ್ರ ಸಾಗಿಸಲು ಯುರೋಪಿನ ಬೇರೆ ಮಿತ್ರರು ಹಿಂದೇಟು ಹಾಕಿದಾಗ ಅಮೆರಿಕದ ವಿಮಾನಗಳು ಇಳಿದದ್ದು ಅದೇ ಲಾಜೆಸ್‌ನಲ್ಲಿ.

ಇಂಥವು ಬೇಕಾದಷ್ಟಿವೆ. 1966ರಲ್ಲಿ ಫ್ರಾನ್ಸ್ ನ್ಯಾಟೊದ ಜಂಟಿ ಸೇನಾ ವ್ಯವಸ್ಥೆಯಿಂದ ಹೊರಬಂತು, ಕೇಂದ್ರ ಕಚೇರಿ ಪ್ಯಾರಿಸ್ಸಿನಿಂದ ಬ್ರಸೆಲ್ಸಿಗೆ ಹೋಯಿತು. 1974ರಲ್ಲಿ ಸೈಪ್ರಸ್ ವಿಷಯಕ್ಕೆ ಗ್ರೀಸ್ ಹಾಗೇ ಹೊರಬಂತು, 1980ರಲ್ಲಿ ವಾಪಸು. ನನಗೆ ಇಷ್ಟವಾದದ್ದು ಐಸ್‌ಲ್ಯಾಂಡ್. ಸೈನ್ಯವೇ ಇಲ್ಲದ ದೇಶ, ಮೀನಿಗಾಗಿ ಬ್ರಿಟನ್ ಜತೆ ಮೂರು ಸಲ ಜಗಳ ಆಡಿತು. ಅವರ ಕಾವಲು ದೋಣಿಗಳು ಹಿಂದಿನಿಂದ ಬಂದು ಬ್ರಿಟಿಷ್ ಟ್ರಾಲರುಗಳ ಬಲೆ ಕತ್ತರಿಸಿ ಹೋಗುತ್ತಿದ್ದವು. ನ್ಯಾಟೊ ಬಿಡುತ್ತೇವೆ ಅಂತ ಹೆದರಿಸಿ 1976ರಲ್ಲಿ ಗೆದ್ದರು. ಮಲ್ಪೆ ಟ್ರಾಲರ್ ಬಂತು ಅಂತ ಇಲ್ಲಿ ಗಲಾಟೆ ಆದಾಗಲೆಲ್ಲ ನನಗೆ ಇವರೇ ನೆನಪು. ಕನ್ನಡದವನಾಗಿ ನಾನು ಯಾರ ಕಡೆ ಅಂತ ಮಾತ್ರ ಕೇಳಬೇಡಿ, ದಿನಾ ಮೀನು ತಗೊಳ್ಳುವುದು ಇಲ್ಲಿನವರ ಹತ್ತಿರ.

ಹಾಗಂತ ಈಗಿನದು ಏನೂ ಅಲ್ಲ ಅಂತ ನಾನು ಹೇಳುತ್ತಿಲ್ಲ. 5ನೇ ಕಲಮನ್ನು ಇದುವರೆಗೆ ಬಳಸಿದ್ದು ಒಂದೇ ಸಲ, 2001ರಲ್ಲಿ, ಅದೂ ಅಮೆರಿಕದ ಪರವಾಗಿ. ಆಮೇಲೆ ಅಫ್ಘಾನಿಸ್ತಾನದಲ್ಲಿ ಡೆನ್ಮಾರ್ಕಿನ ಹುಡುಗರೂ ಸತ್ತರು. ಅದೇ ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ನಮಗೆ ಬೇಕು ಅಂತ ಅಮೆರಿಕದ ಅಧ್ಯಕ್ಷರೇ ಹೇಳುವುದು ಬೇರೆ ಥರದ ಮಾತು. ಇಷ್ಟು ದಿನ ಮಿತ್ರ ನೆರವಿಗೆ ಬರುತ್ತಾನಾ ಅನ್ನುವ ಚಿಂತೆ ಇತ್ತು. ಮಿತ್ರನೇ ಮನೆ ಕೇಳಿದರೆ ಏನು ಅಂತ ಆ ಕಾಗದದಲ್ಲಿ ಕಲಮೇ ಇಲ್ಲ. ನಿಮ್ಮ ಲೇಖಕರು ಅಲ್ಲಿ ನಿಲ್ಲಬೇಕಿತ್ತು. ಅವರು ಖರ್ಚಿನ ಜಗಳದಲ್ಲಿ, 2025ರ ಹೇಗ್ ಸಭೆಯಲ್ಲಿ ಒಪ್ಪಿದ, ದೇಶದ ಒಟ್ಟು ಉತ್ಪನ್ನದ ಶೇ 5ರಷ್ಟು ರಕ್ಷಣೆಗೆ ಅನ್ನುವ ಲೆಕ್ಕದಲ್ಲಿ, ಅರ್ಧ ಪುಟ ಕಳೆದರು. ದುಡ್ಡಿನ ಜಗಳ ಡೆಮರೇಜ್ ಇದ್ದ ಹಾಗೆ, ಒಂದಲ್ಲ ಒಂದು ದಿನ ಸಹಿ ಆಗುತ್ತದೆ.

ಎರಡು ಕೋರಿಕೆ. ಮುಂದಿನ ಸಲ ನ್ಯಾಟೊ ಬಗ್ಗೆ ಬರೆಸಿದಾಗ 5 ಮತ್ತು 6ನೇ ಕಲಮುಗಳನ್ನು ಕನ್ನಡದಲ್ಲಿ ಒಂದು ಚೌಕದಲ್ಲಿ ಹಾಕಿ. ಹತ್ತಿಪ್ಪತ್ತು ಸಾಲು ಆಗಬಹುದು, ಅಷ್ಟೇ. ಇನ್ನೊಂದು, ಪ್ರತಿ ಡಿಸೆಂಬರ್ 19ಕ್ಕೆ ಗೋವಾ ವಿಮೋಚನೆ ಅಂತ ಆಪರೇಷನ್ ವಿಜಯ್ ಫೋಟೊ ಹಾಕುತ್ತೀರಿ. ಈ ವರ್ಷ ಲಿಸ್ಬನ್ ಕಾದು ಕೂತದ್ದನ್ನೂ ಬರೆಸಿ. ಬಸ್ಸು ತಡವಾದರೂ ಪರವಾಗಿಲ್ಲ, ನಾನು ಸ್ಟ್ಯಾಂಡಿಗೇ ಹೋಗಿ ತಗೊಳ್ಳುತ್ತೇನೆ.

ಇಂತಿ,
ನಿವೃತ್ತ ಶಿಪ್ಪಿಂಗ್ ಗುಮಾಸ್ತ,
ಬೈಣಾ, ವಾಸ್ಕೋ, ಗೋವಾ