ಗುಡ್ಡದ ಮನೆಗಳಿಗೆ ಫೈಬರ್ ಎಳೆಯಿರಿ

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಮೊಬೈಲ್ ನೆಟ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. 5ಜಿ ಬಂದರೆ ಎಲ್ಲ ಸರಿಯಾಗುತ್ತದೆ ಅಂತಾರೆ, ಆದರೆ ನಮ್ಮ ದೇಶದಲ್ಲಿ 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು ವೇಗ ಜಾಸ್ತಿ ಕೊಟ್ಟರೂ ಹೆಚ್ಚು ದೂರ ಹೋಗುವುದಿಲ್ಲ, ಗುಡ್ಡವೋ ದಟ್ಟ ಮರವೋ ಅಡ್ಡ ಬಂದರೆ ಅಲ್ಲೇ ಸೋಲುತ್ತವೆ. ಹಳೆ ತಾಮ್ರದ ತಂತಿಯದೂ ಅದೇ ಕಥೆ, ಟೆಲಿಫೋನ್ ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ನೆಟ್ ನಿಧಾನ. ಆದರೆ ಫೈಬರ್ ಅಂದರೆ ಗಾಜಿನ ಎಳೆಯ ಕೇಬಲ್, ಅದರಲ್ಲಿ ಮಾಹಿತಿ ಹೊತ್ತ ಬೆಳಕು ಹತ್ತಾರು ಕಿಲೋಮೀಟರ್ ಆರಾಮವಾಗಿ ಹೋಗುತ್ತದೆ.

2023ರ ಜೂನ್‌ನಲ್ಲಿ ಉದ್ಘಾಟನೆಯಾದ ಕೇರಳ ಸರ್ಕಾರದ ಇಂಟರ್ನೆಟ್ ಜಾಲ ಕೆ-ಫೋನ್ ವಿದ್ಯುತ್ ಕಂಬಗಳ ಮೇಲೆಯೇ ಫೈಬರ್ ಎಳೆಯುತ್ತದೆ. ಕರೆಂಟ್ ಇರುವ ಮನೆ ತನಕ ಕಂಬ ಇದ್ದೇ ಇದೆ ಅಲ್ವಾ? ಹಾಗಾದರೆ ಪೇಟೆಗಿಂತ ಮೊದಲು ಒಳಗಿನ ವಾರ್ಡುಗಳಿಗೆ ಕೊಡಲಿ, ಸುಮ್ನೆ ಇನ್ನೊಂದು ಟವರ್‌ಗೆ ಕಾಯುವುದು ಬೇಡ.

ಇನ್ನೊಂದು ಮಾತು. ಮಳೆಗಾಲದಲ್ಲಿ ನಮ್ಮ ಮನೆಯ ಕೇಬಲ್ ಮೇಲೆ ತೆಂಗಿನ ಮಡಲು ಬಿದ್ದು ತುಂಡಾಯಿತು, ಕಂಪನಿಗೆ ಫೋನ್ ಮಾಡಿದರೆ ಕನ್ನಡ ಗೊತ್ತಿರುವವರು ಒಬ್ಬರೂ ಇಲ್ಲ. ಅಮ್ಮನಂಥವರು ದೂರು ಹೇಳುವುದು ಹೇಗೆ? ನೆಟ್ ಕೊಡುವವರು ಯಾರೇ ಇರಲಿ, ಕಾಸರಗೋಡಿನ ಕನ್ನಡಿಗರಿಗೆ ಕನ್ನಡದಲ್ಲೇ ದೂರು ತೆಗೆದುಕೊಳ್ಳಬೇಕು, ರಿಪೇರಿಯವರು ಪಂಚಾಯತಿನೊಳಗೇ ಇರಬೇಕು.

– ಒಬ್ಬ ಓದುಗ, ಪೆರ್ಲ